‘ಹಿಂದಕ್ಕೆ’ ಗುಂಡಿಯ ಮೇಲೇಕೆ ಇಷ್ಟು ಭಯ?

ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಿದವರು, ಶುಲ್ಕ ಕಟ್ಟಿದವರು, ಟಿಕೆಟ್ ಕಾದಿರಿಸಿದವರು ಎಲ್ಲರೂ ಒಂದು ಸೂಚನೆಯನ್ನು ಬಲ್ಲರು. ‘ದಯವಿಟ್ಟು ಬ್ರೌಸರಿನ ಹಿಂದಕ್ಕೆ ಗುಂಡಿಯನ್ನು ಒತ್ತಬೇಡಿ, ಪುಟವನ್ನು ರಿಫ್ರೆಶ್ ಮಾಡಬೇಡಿ’ ಎಂಬುದು ಆ ಸೂಚನೆ. ಸಾಮಾನ್ಯವಾಗಿ ಕೆಂಪು ಅಕ್ಷರಗಳಲ್ಲಿರುತ್ತದೆ. ವರ್ಷಗಟ್ಟಲೆ ನೋಡಿ ನೋಡಿ ಅದು ನಮಗೆ ಸಹಜವೆನಿಸಿಬಿಟ್ಟಿದೆ. ಆದರೆ ಆ ಗುಂಡಿ ಜಾಲತಾಣದ್ದಲ್ಲ, ಬ್ರೌಸರಿನದು, ಎಂದರೆ ಬಳಕೆದಾರನದು. ಬಂದ ದಾರಿಯಲ್ಲಿ ಒಂದು ಹೆಜ್ಜೆ ಹಿಂದೆ ಹೋಗಿ ನೋಡಲೆಂದೇ ಅದನ್ನು ಅಲ್ಲಿ ಇಟ್ಟಿರುವುದು. ಅದನ್ನು ಮುಟ್ಟಿದರೆ ಅನಾಹುತವಾಗುವಂತೆ ತಾಣವನ್ನು ಕಟ್ಟಿ, ಮುಟ್ಟಬೇಡಿ ಎಂದು ಜನರಿಗೆ ಬುದ್ಧಿ ಹೇಳುವುದು ಯಾವ ನ್ಯಾಯ? ಬಸ್ಸುಗಳಲ್ಲಿ ಬರೆದಿರುವ ‘ನಿಮ್ಮ ಸಾಮಾನುಗಳಿಗೆ ನೀವೇ ಜವಾಬ್ದಾರರು’ ಎಂಬ ಫಲಕ ನೆನಪಾಗುತ್ತದೆ. ವ್ಯತ್ಯಾಸವಿಷ್ಟೇ: ಬಸ್ಸಿನಲ್ಲಿ ಸಾಮಾನು ಕದಿಯುವವನು ಹೊರಗಿನವನು, ಇಲ್ಲಿ ಅದನ್ನು ಕಳೆಯುವುದು ಬಸ್ಸೇ.

ಹಣ ಪಾವತಿಯ ನಡುವೆ ಹಿಂದೆ ಹೋದರೆ ಎರಡು ಬಾರಿ ಹಣ ಕಡಿತವಾದೀತೆಂಬ ಭಯ ಬೇರೆಯದು. ಅದಕ್ಕೆ ಬೇರೆ ಕಾರಣಗಳಿವೆ, ಪರಿಹಾರಗಳೂ ಇವೆ. ಇಲ್ಲಿ ಚರ್ಚಿಸಬೇಕಾದದ್ದು ಅದಕ್ಕಿಂತ ಸಾಮಾನ್ಯವಾದ, ಆದ್ದರಿಂದಲೇ ಯಾರ ಗಮನಕ್ಕೂ ಬಾರದ ನಷ್ಟ: ಅರ್ಧ ತುಂಬಿದ ಅರ್ಜಿ ಅಳಿಸಿಹೋಗುವುದು.

ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುತ್ತಿರುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಕೈಯಲ್ಲಿರುವುದು ತಂದೆಯ ಮೊಬೈಲು. ಹೆಸರು, ವಿಳಾಸ, ಕಳೆದ ವರ್ಷದ ಅಂಕಗಳು, ಕಾಲೇಜಿನ ವಿವರ, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವನ್ನೂ ತುಂಬಿದ್ದಾಳೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಹಿಂದಿನ ಪುಟದಲ್ಲಿ ಸರಿಯಾಗಿ ಬರೆದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಯಾವುದೇ ವಿವೇಕವಂತ ಮನುಷ್ಯ ಮಾಡುವುದನ್ನೇ ಅವಳೂ ಮಾಡುತ್ತಾಳೆ. ಹಿಂದಕ್ಕೆ ಹೋಗಿ ನೋಡುತ್ತಾಳೆ. ಪುಟವೇನೋ ತೆರೆದುಕೊಳ್ಳುತ್ತದೆ, ಆದರೆ ಎಲ್ಲ ಕಾಲಂಗಳೂ ಖಾಲಿ. ಕೆಲವು ತಾಣಗಳಲ್ಲಾದರೆ ಖಾಲಿ ಪುಟವೂ ಇಲ್ಲ. ‘ನಿಮ್ಮ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಎಂಬ ಆಜ್ಞೆ. ಅವಳು ಮಾಡಿದ ಅಪರಾಧವೆಂದರೆ ತಪ್ಪಾಗದಿರಲಿ ಎಂದು ಎಚ್ಚರ ವಹಿಸಿದ್ದು.

ಕಾಗದದ ಅರ್ಜಿಗೆ ಈ ರೋಗವಿರಲಿಲ್ಲ. ತಾಲ್ಲೂಕು ಕಚೇರಿಯ ಮುಂದೆ ಮರದಡಿ ಕುಳಿತ ಅರ್ಜಿ ಬರೆಯುವವನಿಂದ ಅರ್ಧ ಬರೆಸಿ, ಸರ್ವೆ ನಂಬರು ನೆನಪಾಗದೆ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗಿ ಮಾರನೆಯ ದಿನ ಬಂದರೂ ಬರೆದದ್ದು ಬರೆದಂತೆಯೇ ಇರುತ್ತಿತ್ತು. ಕಾಗದದ ಕಾಲದ ಕಷ್ಟಗಳನ್ನು ಮರೆತು ಹೀಗೆ ಹೇಳುತ್ತಿಲ್ಲ. ಸರತಿ ಸಾಲು, ಊಟದ ವಿರಾಮ, ‘ನಾಳೆ ಬಾ’, ಮೇಜಿನ ಕೆಳಗಿನ ವ್ಯವಹಾರ ಎಲ್ಲವೂ ಇದ್ದವು; ಗಣಕೀಕರಣ ಅವುಗಳಲ್ಲಿ ಹಲವನ್ನು ತಗ್ಗಿಸಿದ್ದು ನಿಜ. ಆದರೆ ಬರೆದದ್ದನ್ನು ಉಳಿಸಿಕೊಳ್ಳುವ, ಕಾಗದಕ್ಕಿದ್ದ ಅತ್ಯಂತ ಸಾಮಾನ್ಯ ಗುಣವನ್ನೇ ಹೊಸ ವ್ಯವಸ್ಥೆ ಕಳೆದುಕೊಂಡಿತು. ಕೋಟಿಗಟ್ಟಲೆ ದಾಖಲೆಗಳನ್ನು ಕ್ಷಣದಲ್ಲಿ ಹುಡುಕಿ ಕೊಡುವ ಯಂತ್ರ, ಹತ್ತು ನಿಮಿಷದ ಹಿಂದೆ ಬರೆದ ಹೆಸರನ್ನು ನೆನಪಿಟ್ಟುಕೊಳ್ಳಲಾರದು ಎಂದರೆ ಅದನ್ನು ನಂಬುವುದು ಕಷ್ಟ.

ಇದಕ್ಕೆ ಕಾರಣ ಯಂತ್ರದ ಅಶಕ್ತಿಯಲ್ಲ. ಅದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ನೋಡಬೇಕು. ಜಾಲವನ್ನು ಮೊದಲು ರೂಪಿಸಿದಾಗ ಅದರ ಉದ್ದೇಶ ದಾಖಲೆಗಳನ್ನು ಓದುವುದಾಗಿತ್ತು, ಅರ್ಜಿ ತುಂಬುವುದಲ್ಲ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಅವರಿಬ್ಬರ ಸಂಬಂಧ ಮುಗಿಯಿತು. ಮುಂದಿನ ಸಲ ಅದೇ ವ್ಯಕ್ತಿ ಬಂದರೂ ಸರ್ವರಿಗೆ ಗುರುತಿಲ್ಲ. ಈ ಮರೆವನ್ನು ನೀಗಲೆಂದೇ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ‘ಕುಕಿ’ ಎಂಬ ಚಿಕ್ಕ ಗುರುತುಚೀಟಿಯನ್ನು ರೂಪಿಸಿದರು. ಓದುವ ಜಾಲಕ್ಕೆ ಹಿಂದಕ್ಕೆ ಹೋಗುವುದು ಪುಸ್ತಕದ ಹಾಳೆ ತಿರುವಿದಂತೆ. ಯಾರಿಗೂ ಏನೂ ನಷ್ಟವಿಲ್ಲ. ಓದುವ ಜಾಲದ ಮೇಲೆ ಬರೆಯುವ ಜಾಲವನ್ನು ಕಟ್ಟಿದ ಮೇಲೆಯೇ ತೊಡಕು ಶುರುವಾದದ್ದು. ಹಾಳೆ ತಿರುವಿದರೆ ಬರೆದದ್ದು ಏನಾಗಬೇಕೆಂಬ ಪ್ರಶ್ನೆಗೆ ಉತ್ತರವನ್ನು ತಾಣ ಕಟ್ಟುವವರ ವಿವೇಚನೆಗೆ ಬಿಡಲಾಯಿತು.

ಹಾಗೆ ನೋಡಿದರೆ ಬ್ರೌಸರ್‌ಗಳು ತಮ್ಮ ಪಾಲಿನ ಕೆಲಸವನ್ನು ಮಾಡಿಯೇ ಇವೆ. ಸರಳವಾಗಿ ಬರೆದ ಪುಟದಲ್ಲಿ ಏನನ್ನಾದರೂ ತುಂಬಿ, ಬೇರೆಡೆ ಹೋಗಿ ಮರಳಿದರೆ ತುಂಬಿದ್ದು ಹಾಗೆಯೇ ಇರುವಂತೆ ಅವು ನೋಡಿಕೊಳ್ಳುತ್ತಿದ್ದವು. 2005ರಲ್ಲಿ ಬಂದ ಫೈರ್‌ಫಾಕ್ಸ್‌ನ 1.5 ಆವೃತ್ತಿ ಬಿಟ್ಟುಹೋದ ಪುಟವನ್ನು ಇಡಿಯಾಗಿ ನೆನಪಿನಲ್ಲಿಟ್ಟುಕೊಂಡು, ಹಿಂದಕ್ಕೆ ಒತ್ತಿದೊಡನೆ ಇದ್ದ ಸ್ಥಿತಿಯಲ್ಲೇ ತೋರಿಸುವ ಏರ್ಪಾಡನ್ನು ತಂದಿತು. ಗೂಗಲ್‌ನ ಕ್ರೋಮ್ ಗಣಕಗಳಲ್ಲಿ ಅದನ್ನು ಅಳವಡಿಸಿಕೊಂಡದ್ದು 2021ರಲ್ಲಿ. ಆದರೆ ಈ ಸೌಕರ್ಯವನ್ನು ತಾಣಗಳೇ ಎರಡು ಬಗೆಯಲ್ಲಿ ಕೆಡಿಸುತ್ತವೆ. ಮೊದಲನೆಯದು, ‘ಈ ಪುಟವನ್ನು ಎಲ್ಲೂ ಸಂಗ್ರಹಿಸಬೇಡ’ ಎಂದು ಬ್ರೌಸರಿಗೆ ಕೊಡುವ ಆದೇಶ. ಬ್ಯಾಂಕಿನ ಲೆಕ್ಕದ ಪುಟಕ್ಕೆ ಅದು ಬೇಕು. ಆದರೆ ಸುರಕ್ಷತೆಯ ಹೆಸರಿನಲ್ಲಿ ಇಡೀ ತಾಣಕ್ಕೆ, ಯಾವ ಗುಟ್ಟೂ ಇಲ್ಲದ ಪುಟಗಳಿಗೂ ಅದನ್ನು ಹಚ್ಚಿಬಿಡುವುದು ರೂಢಿಯಾಗಿದೆ. ಎರಡನೆಯದು, ಪುಟವನ್ನು ಸರ್ವರಿನಿಂದ ತರಿಸದೆ ಬ್ರೌಸರಿನೊಳಗೇ ಪ್ರೋಗ್ರಾಮಿನಿಂದ ಕ್ಷಣಕ್ಷಣಕ್ಕೂ ಬರೆದು ಅಳಿಸುವ ಇಂದಿನ ಶೈಲಿ. ನೋಡಲು ಹತ್ತು ಪುಟ, ವಾಸ್ತವವಾಗಿ ಒಂದೇ ಪುಟ. ಇಲ್ಲಿ ಹಿಂದಕ್ಕೆ ಹೋದಾಗ ಹಳೆಯ ಕಾಲಂಗಳನ್ನು ಹೊಸದಾಗಿ ಬರೆಯಲಾಗುತ್ತದೆ. ಹೊಸದಾಗಿ ಬರೆದದ್ದು ಖಾಲಿಯಾಗಿಯೇ ಇರುತ್ತದೆ. ತುಂಬಿದ್ದನ್ನು ಮತ್ತೆ ಇಡಬೇಕೆಂದು ಪ್ರೋಗ್ರಾಂ ಬರೆದವನಿಗೆ ತೋಚಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ನಷ್ಟವನ್ನು ಬ್ರೌಸರ್ ತಯಾರಕರು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂಬುದಕ್ಕೆ ಒಂದು ಪ್ರಸಂಗ ಸಾಕು. ಬಹಳ ಕಾಲ ಕೀಲಿಮಣೆಯ ಬ್ಯಾಕ್‌ಸ್ಪೇಸ್ ಕೀಲಿಗೆ ಎರಡು ಕೆಲಸಗಳಿದ್ದವು. ಕಾಲಂನೊಳಗೆ ಇದ್ದರೆ ಒಂದು ಅಕ್ಷರ ಅಳಿಸುತ್ತಿತ್ತು. ಕಾಲಂನಿಂದ ಹೊರಗೆ ಬಿದ್ದಿದ್ದರೆ ಹಿಂದಿನ ಪುಟಕ್ಕೆ ಕರೆದೊಯ್ಯುತ್ತಿತ್ತು. ಒಂದು ಅಕ್ಷರ ತಿದ್ದಲು ಹೋಗಿ ಇಡೀ ಅರ್ಜಿ ಕಳೆದುಕೊಂಡವರು ಅಸಂಖ್ಯ. ಕ್ರೋಮ್ ತಂಡ ಇದನ್ನು ಅಳೆದು ನೋಡಿತು. ಒಟ್ಟು ಪುಟವೀಕ್ಷಣೆಗಳಲ್ಲಿ ಈ ಕೀಲಿಯಿಂದ ಹಿಂದೆ ಹೋಗುವುದು ಶೇ 0.04ರಷ್ಟು, ಅರ್ಜಿಯಲ್ಲಿ ಏನನ್ನೋ ತುಂಬಿದ ಮೇಲೆ ಹಾಗೆ ಹೋದದ್ದು ಶೇ 0.005ರಷ್ಟು. ಎಂದರೆ 20 ಸಾವಿರಕ್ಕೆ ಒಂದು. ಇಷ್ಟು ಚಿಕ್ಕ ಸಂಖ್ಯೆಯೆಂದು ತಳ್ಳಿಹಾಕಬಹುದಿತ್ತು. ಹಾಗೆ ಮಾಡದೆ 2016ರಲ್ಲಿ ಕ್ರೋಮ್ 52ನೇ ಆವೃತ್ತಿಯಲ್ಲಿ ಆ ಎರಡನೆಯ ಕೆಲಸವನ್ನೇ ಕಿತ್ತುಹಾಕಿತು. ಹಳೆಯ ರೂಢಿಯವರು ಗಲಾಟೆ ಮಾಡಿದರು, ನಿರ್ಧಾರ ಬದಲಾಗಲಿಲ್ಲ. 2021ರಲ್ಲಿ ಫೈರ್‌ಫಾಕ್ಸ್ ಕೂಡ ಅದೇ ಹಾದಿ ಹಿಡಿಯಿತು.

ಹಾಗಿದ್ದರೆ ತಾಣಗಳಿಗೆ ಎಚ್ಚರಿಕೆ ಕೊಡುವ ದಾರಿಯೇ ಇರಲಿಲ್ಲವೇ? ಇತ್ತು, ಇದೆ. ಪುಟ ಬಿಟ್ಟು ಹೋಗುವ ಮುನ್ನ ‘ನೀವು ಮಾಡಿದ ಬದಲಾವಣೆಗಳು ಉಳಿಯಲಾರವು, ಹೋಗುವುದು ಖಚಿತವೇ?’ ಎಂದು ಕೇಳುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 1997ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರಲ್ಲಿಯೇ ಕೊಟ್ಟಿತ್ತು. ಕ್ರಮೇಣ ಎಲ್ಲ ಪ್ರಮುಖ ಬ್ರೌಸರ್‌ಗಳೂ ಅದನ್ನು ಅಳವಡಿಸಿಕೊಂಡವು. ಆ ಪೆಟ್ಟಿಗೆಯಲ್ಲಿ ಏನು ಬರೆಯಬೇಕೆಂಬುದನ್ನು ತಾಣವೇ ನಿರ್ಧರಿಸಬಹುದಿತ್ತು. ಒಳ್ಳೆಯ ಉದ್ದೇಶದ ಈ ಸೌಲಭ್ಯ ಕೆಟ್ಟವರ ಕೈಗೆ ಸಿಕ್ಕಿತು. ‘ನಿಮ್ಮ ಗಣಕಕ್ಕೆ ವೈರಸ್ ತಗುಲಿದೆ’, ‘ನಿಮಗೆ ಬಹುಮಾನ ಬಂದಿದೆ, ಹೋಗಬೇಡಿ’ ಎಂಬಂಥ ಸುಳ್ಳುಗಳನ್ನು ಅದರಲ್ಲಿ ತುಂಬಿ, ಹೊರಹೋಗುವವರನ್ನು ಹಿಡಿದು ನಿಲ್ಲಿಸುವ ತಾಣಗಳು ಹುಟ್ಟಿಕೊಂಡವು. ಕೊನೆಗೆ ಬ್ರೌಸರ್‌ಗಳು ತಾಣದವರ ಬರಹವನ್ನು ತೋರಿಸುವುದನ್ನೇ ನಿಲ್ಲಿಸಿದವು. ಕ್ರೋಮ್‌ನಲ್ಲಿ ಇದಾದದ್ದು 2016ರ 51ನೇ ಆವೃತ್ತಿಯಲ್ಲಿ. ಈಗ ಕಾಣುವುದು ಬ್ರೌಸರಿನದೇ ಸಿದ್ಧವಾಕ್ಯ.

ಇದರಿಂದ ನಮ್ಮಲ್ಲೊಂದು ವಿಚಿತ್ರ ಪರಿಸ್ಥಿತಿ ಉಂಟಾಗಿದೆ. ಅರ್ಜಿ ಎಷ್ಟೇ ಅಚ್ಚುಕಟ್ಟಾದ ಕನ್ನಡದಲ್ಲಿದ್ದರೂ ಆ ಎಚ್ಚರಿಕೆ ಮಾತ್ರ ಬ್ರೌಸರಿನ ಭಾಷೆಯಲ್ಲಿ ಬರುತ್ತದೆ. ನಮ್ಮ ಬಹಳಷ್ಟು ಫೋನುಗಳಲ್ಲಿ ಅಂಗಡಿಯವನು ಇಟ್ಟುಕೊಟ್ಟ ಇಂಗ್ಲಿಷ್ ಹಾಗೆಯೇ ಉಳಿದಿರುತ್ತದೆ. ಕನ್ನಡದ ಅರ್ಜಿಯನ್ನು ಓದಿ ಓದಿ ತುಂಬುತ್ತಿದ್ದ ರೈತನ ಎದುರು ಅತಿ ಮುಖ್ಯವಾದ ಗಳಿಗೆಯಲ್ಲಿ ಇಂಗ್ಲಿಷಿನ ಎರಡು ಗುಂಡಿಗಳು ಬಂದು ನಿಲ್ಲುತ್ತವೆ. ಯಾವುದನ್ನು ಒತ್ತಿದರೆ ಉಳಿಯುತ್ತದೆ, ಯಾವುದನ್ನು ಒತ್ತಿದರೆ ಹೋಗುತ್ತದೆ ಎಂಬುದು ಊಹೆಗೆ ಬಿಟ್ಟದ್ದು. ತಾಣ ಕಟ್ಟಿದವರು ಬಯಸಿದರೂ ಅಲ್ಲಿ ಕನ್ನಡ ಬರೆಯಲಾರರು.

ಎಚ್ಚರಿಕೆಯ ಪೆಟ್ಟಿಗೆಗೆ ಇನ್ನೂ ದೊಡ್ಡ ಮಿತಿಗಳಿವೆ. ಮೇಲೆ ಹೇಳಿದ ‘ನೋಡಲು ಹತ್ತು, ವಾಸ್ತವವಾಗಿ ಒಂದು’ ಬಗೆಯ ತಾಣದಲ್ಲಿ ಹಿಂದಕ್ಕೆ ಒತ್ತಿದಾಗ ಬ್ರೌಸರಿನ ಲೆಕ್ಕದಲ್ಲಿ ಯಾರೂ ಪುಟ ಬಿಟ್ಟು ಹೋಗಿರುವುದೇ ಇಲ್ಲ. ಆದ್ದರಿಂದ ಎಚ್ಚರಿಕೆ ಏಳುವುದೇ ಇಲ್ಲ. ಹಿಂದೆ ಹೋದ ಸುದ್ದಿ ಪ್ರೋಗ್ರಾಮಿಗೆ ಮುಟ್ಟುವುದು ಹೋದ ಮೇಲೆ. ಕಳ್ಳ ಹೋದ ಮೇಲೆ ನಾಯಿ ಬೊಗಳಿದಂತೆ. ಇದನ್ನು ಮೀರಲು ಎಂಜಿನಿಯರುಗಳು ಚರಿತ್ರೆಯ ಪಟ್ಟಿಗೆ ಸುಳ್ಳು ಪುಟವೊಂದನ್ನು ಸೇರಿಸಿಟ್ಟು, ಹಿಂದೆ ಹೋದವನನ್ನು ಮತ್ತೆ ಮುಂದಕ್ಕೆ ತಳ್ಳುವ ಉಪಾಯಗಳನ್ನು ಹೂಡಿದ್ದುಂಟು. ಆದರೆ ಅದೇ ಉಪಾಯವನ್ನು ಜಾಹೀರಾತಿನ ತಾಣಗಳೂ ಬಳಸಿ, ಎಷ್ಟು ಒತ್ತಿದರೂ ಹೊರಬರಲಾಗದ ಬೋನುಗಳನ್ನು ಮಾಡಿದವು. ಆದ್ದರಿಂದ 2019ರ ಸುಮಾರಿಗೆ ಕ್ರೋಮ್ ಅಂಥ ಸುಳ್ಳು ಪುಟಗಳನ್ನು ದಾಟಿಕೊಂಡು ಹಿಂದೆ ಹೋಗತೊಡಗಿತು. ಹೋಗಬಯಸುವವನನ್ನು ಬಿಡಬೇಕು, ಅವನು ಬರೆದದ್ದನ್ನು ಉಳಿಸಬೇಕು. ಈ ಎರಡು ನ್ಯಾಯಗಳ ನಡುವೆ ಬ್ರೌಸರ್ ಮೊದಲನೆಯದನ್ನು ಆಯ್ದುಕೊಂಡಿದೆ. ಅದು ಸರಿಯೇ. ಬಾಗಿಲಿಗೆ ಬೀಗ ಹಾಕುವ ಅಧಿಕಾರವನ್ನು ತಾಣಕ್ಕೆ ಕೊಟ್ಟರೆ ಮೊದಲು ಬೀಗ ಹಾಕುವವರು ವಂಚಕರೇ.

ಇನ್ನು ಮೊಬೈಲಿನ ವಿಷಯ. ನಮ್ಮ ದೇಶದಲ್ಲಿ ಅಂತರಜಾಲವೆಂದರೆ ಬಹುಪಾಲು ಜನರಿಗೆ ಮೊಬೈಲೇ. ಅದರಲ್ಲಿ ಹಿಂದಕ್ಕೆ ಹೋಗುವುದು ಉದ್ದೇಶಪೂರ್ವಕ ಕ್ರಿಯೆಯಾಗಿ ಉಳಿದಿಲ್ಲ. 2019ರ ಆಂಡ್ರಾಯ್ಡ್ 10ರಿಂದ ಪರದೆಯ ಎಡ ಅಥವಾ ಬಲ ಅಂಚಿನಿಂದ ಬೆರಳೆಳೆದರೆ ಸಾಕು, ಹಿಂದಕ್ಕೆ ಹೋಗಬಹುದು. ಕಿರಿದಾದ ಪರದೆಯಲ್ಲಿ ಉದ್ದನೆಯ ಅರ್ಜಿಯನ್ನು ಮೇಲೆ ಕೆಳಗೆ ಸರಿಸುವಾಗ ಬೆರಳು ಅಂಚಿಗೆ ತಗುಲುವುದು ಎಷ್ಟು ಹೊತ್ತಿನ ಮಾತು? ಓಟಿಪಿ ಬಂತೆಂದು ಸಂದೇಶ ನೋಡಲು ಹೋದರೆ, ಕಡಿಮೆ ಬೆಲೆಯ ಫೋನು ಜಾಗ ಸಾಲದೆ ಬ್ರೌಸರನ್ನೇ ಸದ್ದಿಲ್ಲದೆ ಮುಚ್ಚಿಬಿಡಬಹುದು. ಆಗ ಯಾವ ಎಚ್ಚರಿಕೆಯೂ ಏಳುವುದಿಲ್ಲ. ಐಫೋನಿನ ಸಫಾರಿಯಂತೂ ಆ ಎಚ್ಚರಿಕೆಯ ಸೌಲಭ್ಯವನ್ನು ನೆಚ್ಚುವಂತೆ ಒದಗಿಸಿಯೇ ಇಲ್ಲ. ಹೆಚ್ಚು ಜನ ಬಳಸುವ ಸಾಧನದಲ್ಲಿಯೇ ಎಚ್ಚರಿಕೆ ಕೆಲಸಕ್ಕೆ ಬಾರದು.

ಹಾಗಾದರೆ ಮಾಡಬೇಕಾದದ್ದೇನು? ಕೇಳುವುದನ್ನು ಬಿಟ್ಟು ಉಳಿಸುವುದು. ಆ್ಯಪಲ್‌ನ ಮೆಕಿಂತೋಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ 2000ದಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಬಳಕೆದಾರನ ಕೆಲಸಕ್ಕೆ ಗಣಕದಿಂದ ಹಾನಿಯಾಗಬಾರದೆಂಬುದನ್ನು ಎಲ್ಲಕ್ಕಿಂತ ಮೊದಲ ನಿಯಮವಾಗಿ ಇಟ್ಟಿದ್ದರು. ಅವರ ಮಗ ಏಜ಼ಾ ರಾಸ್ಕಿನ್ 2007ರಲ್ಲಿ ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದು, ಎಚ್ಚರಿಕೆ ಕೊಡುವುದಕ್ಕಿಂತ ಮಾಡಿದ್ದನ್ನು ರದ್ದುಮಾಡುವ ಅವಕಾಶ ಕೊಡುವುದೇ ಮೇಲೆಂದು ವಾದಿಸಿದರು. ಅವರ ತರ್ಕ ಸರಳ. ದಿನಕ್ಕೆ ಹತ್ತು ಸಲ ‘ಖಚಿತವೇ?’ ಎಂದು ಕೇಳಿಸಿಕೊಂಡವನು ಹನ್ನೊಂದನೆಯ ಸಲ ಓದದೆಯೇ ‘ಹೌದು’ ಒತ್ತುತ್ತಾನೆ. ಅಷ್ಟರಲ್ಲಿ ಬೆರಳಿಗೆ ಅಭ್ಯಾಸವಾಗಿರುತ್ತದೆ. ಇ-ಮೇಲ್ ಬರೆಯುವಾಗ ನಡುವೆ ಬಿಟ್ಟುಹೋದರೂ ಕರಡು ಉಳಿದಿರುವುದನ್ನು ನಾವೆಲ್ಲ ವರ್ಷಗಳಿಂದ ಅನುಭವಿಸುತ್ತಿದ್ದೇವೆ. ಅಲ್ಲಿ ‘ಹಿಂದಕ್ಕೆ ಒತ್ತಬೇಡಿ’ ಎಂದು ಯಾರೂ ಬೇಡಿಕೊಳ್ಳುವುದಿಲ್ಲ. ಪ್ರತಿ ಕಾಲಂ ತುಂಬಿದೊಡನೆ ಅದನ್ನು ಎಲ್ಲಾದರೂ ಇಟ್ಟುಬಿಟ್ಟರೆ ಹಿಂದಕ್ಕೆ ಒತ್ತಿದರೇನು, ವಿದ್ಯುತ್ ಹೋದರೇನು? ಎಚ್ಚರಿಕೆಯ ಪೆಟ್ಟಿಗೆ ಇರಬೇಕಾದದ್ದು ಉಳಿಸಲು ಸಾಧ್ಯವೇ ಇಲ್ಲದ ಅಪರೂಪದ ಸಂದರ್ಭಕ್ಕೆ.

ಅಮೆರಿಕದ ವೀಸಾ ಬಯಸುವ ಬೆಂಗಳೂರಿನ ಸಾವಿರಾರು ಮನೆಗಳಿಗೆ ಡಿಎಸ್-160 ಎಂಬ ಅರ್ಜಿ ಚೆನ್ನಾಗಿ ಪರಿಚಿತ. ಮಕ್ಕಳ ಮನೆಗೆ ಹೊರಟ ತಂದೆತಾಯಿಗಳಿಂದ ಹಿಡಿದು ಕಂಪನಿ ಕಳುಹಿಸುವ ಎಂಜಿನಿಯರವರೆಗೆ ಎಲ್ಲರೂ ಅದನ್ನು ತುಂಬಿದವರೇ. ಸುಂದರವಾದ ಅರ್ಜಿಯೆಂದು ಅದನ್ನು ಯಾರೂ ಹೊಗಳಲಾರರು. ಇಪ್ಪತ್ತು ನಿಮಿಷ ಸುಮ್ಮನಿದ್ದರೆ ಅದು ಹೊರಹಾಕುತ್ತದೆ. ಆದರೆ ಆ ಮಾತನ್ನು ಅದು ಮೊದಲೇ ಹೇಳುತ್ತದೆ. ಆರಂಭದಲ್ಲಿಯೇ ಒಂದು ಅರ್ಜಿ ಸಂಖ್ಯೆ ಕೊಟ್ಟು ಬರೆದಿಟ್ಟುಕೊಳ್ಳಿ ಎನ್ನುತ್ತದೆ. ಆ ಸಂಖ್ಯೆ, ಮನೆತನದ ಹೆಸರಿನ ಮೊದಲ ಐದು ಅಕ್ಷರ, ಹುಟ್ಟಿದ ವರ್ಷ ಮತ್ತು ಒಂದು ಗುಟ್ಟಿನ ಪ್ರಶ್ನೆಯ ಉತ್ತರ ಕೊಟ್ಟರೆ ಉಳಿಸಿದಷ್ಟು ಭಾಗವನ್ನು 30 ದಿನಗಳವರೆಗೆ ಮರಳಿ ಒದಗಿಸುತ್ತದೆ. ತನ್ನ ದೇಶಕ್ಕೆ ಬರಲು ಅಪ್ಪಣೆ ಕೇಳುವ ಪರದೇಶದವನ ಅರ್ಧ ಅರ್ಜಿಗೆ ಒಂದು ಸರ್ಕಾರ ಇಷ್ಟು ಬೆಲೆ ಕೊಡುವುದಾದರೆ, ತನ್ನದೇ ಪ್ರಜೆಯ ಅರ್ಧ ಅರ್ಜಿಗೆ ನಮ್ಮ ಕಚೇರಿಗಳು ಅಷ್ಟಾದರೂ ಕೊಡಬಾರದೇಕೆ? ನಮ್ಮಲ್ಲೂ ಕರಡು ಉಳಿಸುವ ತಾಣಗಳಿವೆ, ಇಲ್ಲವೆಂದಲ್ಲ. ಆದರೆ ಅದು ಆಯಾ ತಾಣ ಕಟ್ಟಿದವರ ಒಳ್ಳೆಯತನದಿಂದ ಬಂದದ್ದೇ ಹೊರತು ನಿಯಮದಿಂದ ಬಂದದ್ದಲ್ಲ.

ಇದಕ್ಕೆ ಎದುರಾಗಿ ಹೇಳಬಹುದಾದ ಗಟ್ಟಿಯಾದ ಮಾತೊಂದಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮಲ್ಲಿ ಅರ್ಜಿಗಳನ್ನು ತುಂಬುವುದು ಸ್ವಂತ ಗಣಕದಲ್ಲಷ್ಟೇ ಅಲ್ಲ. ಸೈಬರ್ ಸೆಂಟರುಗಳಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ, ಕಾಲೇಜಿನ ಪ್ರಯೋಗಾಲಯಗಳಲ್ಲಿ. ತುಂಬಿದ್ದನ್ನೆಲ್ಲ ಆ ಗಣಕದ ಬ್ರೌಸರಿನಲ್ಲಿಯೇ ಉಳಿಸಿದರೆ, ಒಬ್ಬನ ಆಧಾರ್ ಸಂಖ್ಯೆ ಮುಂದೆ ಬಂದು ಕೂರುವವನ ಕಣ್ಣಿಗೆ ಬೀಳುತ್ತದೆ. ಇದು ನಿಜವಾದ ಅಪಾಯ. ಆದರೆ ಇದಕ್ಕೆ ಉತ್ತರ ಏನನ್ನೂ ಉಳಿಸದಿರುವುದಲ್ಲ. ಅರ್ಜಿದಾರ ತನ್ನ ಮೊಬೈಲ್ ಸಂಖ್ಯೆಯಿಂದ ಪ್ರವೇಶಿಸಿದ ಮೇಲೆ ಕರಡನ್ನು ಸರ್ವರಿನಲ್ಲಿ ಅವನ ಹೆಸರಿನಲ್ಲಿಯೇ ಇಡಬಹುದು. ಆಗ ಅದು ಬೆಳಗಾವಿಯ ಸೈಬರ್ ಸೆಂಟರಿನಲ್ಲಿ ಆರಂಭವಾಗಿ ಹಳ್ಳಿಯ ಮನೆಯಲ್ಲಿ ಮುಗಿಯಬಹುದು. ಆಧಾರ್, ಬ್ಯಾಂಕ್ ಖಾತೆಗಳಂಥ ಕೆಲವೇ ಕಾಲಂಗಳನ್ನು ಕರಡಿನಿಂದ ಹೊರಗಿಟ್ಟು, ಅವನ್ನಷ್ಟೇ ಕೊನೆಯಲ್ಲಿ ಕೇಳಬಹುದು. ಇಷ್ಟು ದಿನ ಮುಟ್ಟದಿದ್ದರೆ ಕರಡು ತಾನಾಗಿ ಅಳಿಯುತ್ತದೆಂದು ತಿಳಿಸಬಹುದು. ‘ಇದು ಸಾರ್ವಜನಿಕ ಗಣಕವೇ?’ ಎಂದು ಮೊದಲೇ ಕೇಳಬಹುದು. ಇವುಗಳಲ್ಲಿ ಯಾವುದೂ ಇಂದು ಕಷ್ಟದ ತಂತ್ರಜ್ಞಾನವಲ್ಲ.

ಸಲ್ಲಿಸುವ ಮುನ್ನವೇ ಮಾಹಿತಿಯನ್ನು ಸರ್ವರಿಗೆ ಒಯ್ಯುವುದರಲ್ಲಿ ಇನ್ನೊಂದು ಕಳವಳವೂ ಅಡಗಿದೆ. ಯುರೋಪಿನ ಮೂರು ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ಲಕ್ಷ ಜನಪ್ರಿಯ ತಾಣಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯುರೋಪಿನಿಂದ ಭೇಟಿ ಕೊಟ್ಟಾಗ 1,844 ತಾಣಗಳು, ಅಮೆರಿಕದಿಂದ ಭೇಟಿ ಕೊಟ್ಟಾಗ 2,950 ತಾಣಗಳು, ಬಳಕೆದಾರ ‘ಸಲ್ಲಿಸು’ ಒತ್ತುವ ಮೊದಲೇ ಅವನ ಇ-ಮೇಲ್ ವಿಳಾಸವನ್ನು ಜಾಡುಹಿಡಿಯುವ ಕಂಪನಿಗಳಿಗೆ ರವಾನಿಸುತ್ತಿದ್ದವು. ಮನಸ್ಸು ಬದಲಿಸಿ ಹಿಂದೆ ಹೋದವನ ವಿವರವೂ ಮಾರುಕಟ್ಟೆ ಸೇರುತ್ತಿತ್ತು. ಇದರ ವ್ಯಂಗ್ಯವನ್ನು ಗಮನಿಸಬೇಕು. ತಮಗೆ ಲಾಭವಿದ್ದಾಗ ಅರ್ಧ ತುಂಬಿದ್ದನ್ನೂ ಜಾಗರೂಕತೆಯಿಂದ ಎತ್ತಿಟ್ಟುಕೊಳ್ಳಲು ತಾಣಗಳಿಗೆ ಬರುತ್ತದೆ. ಲಾಭ ಬಳಕೆದಾರನದ್ದಾದಾಗ ಮಾತ್ರ ಅದು ಅಸಾಧ್ಯವಾಗುತ್ತದೆ. ಕರಡು ಬರೆದವನಿಗೇ ಸೇರಿದ್ದು, ಅದನ್ನು ಅವನಿಗೆ ಮರಳಿಸುವುದಕ್ಕಲ್ಲದೆ ಬೇರಾವುದಕ್ಕೂ ಬಳಸಕೂಡದು ಎಂಬ ಷರತ್ತಿನೊಂದಿಗೇ ಉಳಿಸುವ ಏರ್ಪಾಡು ಬರಬೇಕು.

ಈ ನಷ್ಟ ಇಷ್ಟು ಕಾಲ ಯಾರನ್ನೂ ಕಾಡದಿರಲು ಮುಖ್ಯ ಕಾರಣ, ಅದು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಕರ್ನಾಟಕ 2011ರಲ್ಲಿ ನಾಗರಿಕ ಸೇವೆಗಳ ಖಾತರಿ ಕಾಯ್ದೆಯನ್ನು ಮಾಡಿ 2012ರ ಏಪ್ರಿಲ್‌ನಲ್ಲಿ ‘ಸಕಾಲ’ವನ್ನು ರಾಜ್ಯದಾದ್ಯಂತ ಜಾರಿಗೆ ತಂದಿತು. ಗೊತ್ತಾದ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಎಂದಿತು. ನಾಗರಿಕನ ಕಾಲಕ್ಕೆ ಬೆಲೆ ಕಟ್ಟಿದ ಆ ಕಾಯ್ದೆಯ ಬಗ್ಗೆ ನಾವು ಹೆಮ್ಮೆಪಡಬಹುದು. ಆದರೆ ಸಕಾಲದ ಗಡಿಯಾರ ಓಡಲಾರಂಭಿಸುವುದು ಅರ್ಜಿ ಸ್ವೀಕೃತವಾಗಿ ಸಂಖ್ಯೆ ಸಿಕ್ಕ ಮೇಲೆ. ಮೂರು ಸಲ ತುಂಬಿ ಮೂರು ಸಲವೂ ಕಳೆದುಕೊಂಡು ನಾಲ್ಕನೆಯ ಸಲ ಸಲ್ಲಿಸಿದವನ ಮೊದಲ ಮೂರು ಪ್ರಯತ್ನಗಳು ಎಲ್ಲಿಯೂ ಇಲ್ಲ. ಬೇಸತ್ತು ಕೈಬಿಟ್ಟವನಂತೂ ಅರ್ಜಿದಾರನೇ ಅಲ್ಲ. ‘ಇಷ್ಟು ಲಕ್ಷ ಅರ್ಜಿಗಳು ಬಂದವು, ಇಷ್ಟು ವಿಲೇವಾರಿಯಾದವು’ ಎಂಬ ವರದಿಯಲ್ಲಿ ಅವನಿಗೆ ಜಾಗವಿಲ್ಲ. ಎಷ್ಟು ಜನ ಅರ್ಜಿ ತೆರೆದರು, ಅವರಲ್ಲಿ ಎಷ್ಟು ಜನ ಯಾವ ಪುಟದಲ್ಲಿ ಬಿಟ್ಟುಹೋದರು ಎಂಬ ಅಂಕಿಯನ್ನು ಪ್ರತಿಯೊಂದು ವ್ಯಾಪಾರಿ ತಾಣವೂ ದಿನವೂ ನೋಡುತ್ತದೆ. ಇಲಾಖೆಗಳೂ ಅದನ್ನು ಪ್ರಕಟಿಸಲಿ, ಹೆಸರುಗಳೇನೂ ಬೇಕಿಲ್ಲ.

ನಷ್ಟವೂ ಎಲ್ಲರಿಗೂ ಸಮನಲ್ಲ. ಕನ್ನಡದಲ್ಲಿ ಹೆಸರು, ಇಂಗ್ಲಿಷಿನಲ್ಲಿ ಹೆಸರು, ಎರಡರಲ್ಲೂ ವಿಳಾಸ ಎಂದು ಕೇಳುವ ಅರ್ಜಿಗಳಲ್ಲಿ ನಮ್ಮವರ ಶ್ರಮ ದುಪ್ಪಟ್ಟು. ಒತ್ತಕ್ಷರ ಬಾರದೆ ಒದ್ದಾಡಿ ಬರೆದ ವಿಳಾಸವನ್ನು ಎರಡನೆಯ ಸಲ ಬರೆಯುವವನ ಕಷ್ಟ ವೇಗವಾಗಿ ಬೆರಳಾಡಿಸಬಲ್ಲವನಿಗೆ ತಿಳಿಯದು. ಸೈಬರ್ ಸೆಂಟರಿನಲ್ಲಿ ತುಂಬಿಸುವ ಕೂಲಿಕಾರನಿಗೆ ಮತ್ತೆ ತುಂಬುವುದೆಂದರೆ ಮತ್ತೆ ಹಣ, ಇಲ್ಲವೇ ಇನ್ನೊಂದು ದಿನದ ಕೂಲಿ. ದೃಷ್ಟಿದೋಷವುಳ್ಳವರು ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಒಂದೊಂದು ಕಾಲಂ ದಾಟುವಷ್ಟರಲ್ಲಿ ತಾಣದ ಅವಧಿಯೇ ಮುಗಿದಿರುತ್ತದೆ.

ಜಾಲದ ಅಂತರರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿ ಇದನ್ನು ಗಮನಿಸದೆ ಬಿಟ್ಟಿಲ್ಲ. ಅವಧಿ ಮುಗಿದು ಮತ್ತೆ ಲಾಗಿನ್ ಆದವನು ಮಾಹಿತಿ ಕಳೆದುಕೊಳ್ಳದೆ ಮುಂದುವರಿಯಬೇಕೆಂದು 2008ರ ಆವೃತ್ತಿಯಲ್ಲಿಯೇ ಇದೆ. ಎಷ್ಟು ಹೊತ್ತು ಸುಮ್ಮನಿದ್ದರೆ ಮಾಹಿತಿ ಹೋಗುತ್ತದೆಂದು ತಿಳಿಸಬೇಕು, ಇಲ್ಲವೇ 20 ಗಂಟೆಗಳಿಗೂ ಹೆಚ್ಚು ಕಾಲ ಉಳಿಸಿಡಬೇಕು ಎಂಬುದು 2018ರಲ್ಲಿ ಸೇರಿತು. ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಅರ್ಜಿಯಲ್ಲಿ ಮತ್ತೆ ಬರೆಸಬಾರದೆಂಬುದು 2023ರ ಅಕ್ಟೋಬರಿನದು. ಭಾರತ ಸರ್ಕಾರಕ್ಕೂ ತನ್ನ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿಯಿದೆ. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. ಆದರೆ ಅದು ಆಧರಿಸಿರುವುದು ಅಂತರರಾಷ್ಟ್ರೀಯ ಮಾರ್ಗಸೂಚಿಯ 2018ರ ಆವೃತ್ತಿಯ ಮಧ್ಯಮ ಹಂತವನ್ನು. ಮೇಲೆ ಹೇಳಿದ ಮೊದಲೆರಡು ಅಂಶಗಳು ಅತ್ಯುನ್ನತ ಹಂತಕ್ಕೆ ಸೇರಿದವು, ಮೂರನೆಯದು ನಂತರ ಬಂದದ್ದು. ಹೀಗೆ ಮೂರೂ ಆ ಹಂತದ ಹೊರಗೇ ಉಳಿದಿವೆ. ಮಾರ್ಗಸೂಚಿಯನ್ನು ಚಾಚೂತಪ್ಪದೆ ಪಾಲಿಸಿದ ತಾಣವೂ ಈ ಮೂರರಲ್ಲಿ ಸೋಲಬಹುದು.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷವುಳ್ಳವರು ಗುರುತು ದೃಢೀಕರಣದಲ್ಲಿ ಪಡುವ ಪಾಡನ್ನು ಕುರಿತ ಪ್ರಕರಣಗಳಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದಿತು. ಹಕ್ಕೆಂದ ಮೇಲೆ ಬಾಗಿಲು ತೆರೆದಿದ್ದರಷ್ಟೇ ಸಾಲದು. ಇತ್ತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಬಳಕೆದಾರರನ್ನು ಮೋಸಗೊಳಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಬರೆದದ್ದನ್ನು ಕಳೆಯುವುದು ಆ ಪಟ್ಟಿಯಲ್ಲಿಲ್ಲ, ಇರಲೂ ಆಗದು. ಅದು ಮೋಸವಲ್ಲ, ಉದಾಸೀನ. ಉದಾಸೀನವನ್ನು ದಂಡದಿಂದ ತಿದ್ದುವುದಕ್ಕಿಂತ ಗುತ್ತಿಗೆಯ ಕರಾರಿನಿಂದ ತಿದ್ದುವುದು ಸುಲಭ.

ನಮ್ಮ ಇಲಾಖೆಗಳ ತಾಣಗಳಲ್ಲಿ ಹಲವು ಟೆಂಡರಿನ ಮೂಲಕ ಕಟ್ಟಿಸಿದವು. ಎಷ್ಟು ಜನ ಒಮ್ಮೆಲೇ ಬಳಸಬಹುದು, ಎಷ್ಟು ಸೆಕೆಂಡಿನಲ್ಲಿ ಪುಟ ತೆರೆಯಬೇಕು ಎಂಬ ಷರತ್ತುಗಳ ಜೊತೆಗೆ ಇನ್ನೊಂದನ್ನು ಬರೆಯುವುದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಡ. ಕೆಲಸವನ್ನು ಒಪ್ಪಿಸಿಕೊಳ್ಳುವ ದಿನ ರಾಜಧಾನಿಯ ಹವಾನಿಯಂತ್ರಿತ ಕೊಠಡಿಯ ದೊಡ್ಡ ಪರದೆಯಲ್ಲಿ ಪ್ರದರ್ಶನ ನೋಡುವುದನ್ನು ಬಿಟ್ಟು, ತಾಲ್ಲೂಕು ಕೇಂದ್ರವೊಂದಕ್ಕೆ ಹೋಗಿ, ಅಲ್ಲಿಯ ಜನ ಬಳಸುವಂಥ ಫೋನಿನಲ್ಲಿ ಅರ್ಜಿಯನ್ನು ಅರ್ಧದವರೆಗೆ ಕನ್ನಡದಲ್ಲಿ ತುಂಬಿ, ಹಿಂದಕ್ಕೆ ಒತ್ತಿ ನೋಡಲಿ. ಆಮೇಲೆ ಕರೆಯೊಂದನ್ನು ಸ್ವೀಕರಿಸಿ, ಬ್ರೌಸರ್ ಮುಚ್ಚಿ, ಅರ್ಧ ಗಂಟೆ ಬಿಟ್ಟು ಬೇರೊಂದು ಗಣಕದಲ್ಲಿ ಮತ್ತೆ ತೆರೆದು ನೋಡಲಿ. ತುಂಬಿದ್ದು ತುಂಬಿದಂತೆಯೇ ಇದ್ದರೆ ಗುತ್ತಿಗೆದಾರನಿಗೆ ಕೊನೆಯ ಕಂತು ಪಾವತಿಯಾಗಲಿ. ಕಾಲಂಗಳು ಖಾಲಿಯಿದ್ದರೆ ಬಿಲ್ಲನ್ನೂ ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಲಿ.